ಕಂಬಿಯ ಮೇಲಿನ ಕೈ

ಕವಿತಳ ಕೆಲಸ ಏನೆಂದು ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ದೊಡ್ಡಬಳ್ಳಾಪುರದ ಔಷಧ ಪರೀಕ್ಷೆಯ ಕಂಪನಿಯೊಂದರಲ್ಲಿ ಅವಳು ಇಲಿಯ ಮುಂಗಾಲೆರಡನ್ನು ಎತ್ತಿ ಕಂಬಿಯ ಮೇಲಿಡುತ್ತಾಳೆ, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗಡಿಯಾರ ನೋಡುತ್ತಾಳೆ. ಸೂಜಿ ಕಾಣದ ಇಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದು ಓಡುತ್ತದೆ. ಔಷಧ ಚುಚ್ಚಿದ ಇಲಿ ಇಟ್ಟ ಹಾಗೇ ಇರುತ್ತದೆ. ಮೈ ಆಡಬೇಕಾದರೆ ಮಿದುಳಿನಲ್ಲಿ ಡೋಪಮಿನ್ ಎಂಬುದು ಹೋಗಿ ಬಾಗಿಲು ತಟ್ಟಬೇಕಂತೆ, ಈ ಔಷಧ ಆ ಬಾಗಿಲಿಗೇ ಅಗುಳಿ ಹಾಕುತ್ತದೆ ಎಂದು ಅಲ್ಲಿನ ಮುಖ್ಯಸ್ಥರಾದ ಮುರಳಿ ಸರ್ ಹೇಳಿಕೊಟ್ಟಿದ್ದರು. ಅಗುಳಿ ಬಿದ್ದ ಮೇಲೆ ಹುಚ್ಚೆದ್ದು ಓಡುವಂತೆ ಮಾಡುವ ಇನ್ನೊಂದು ಔಷಧ ಕೊಟ್ಟರೂ ಇಲಿ ಓಡುವುದಿಲ್ಲ, ಅದು ಎರಡನೆಯ ಪರೀಕ್ಷೆ. ಆದರೆ ಅಲ್ಲೊಂದು ನಿಯಮವಿದೆ. ಮೂರು ನಿಮಿಷವಾದರೂ ಇಳಿಯದ ಇಲಿಯನ್ನು ಕೈಯಾರೆ ಇಳಿಸಬೇಕು.

ದೊಡ್ಡಬೆಳವಂಗಲದ ಮನೆಯಲ್ಲಿ ಅವಳ ಅತ್ತೆ ಸಪ್ಪಲಮ್ಮನಿಗೆ ಅಂಥ ನಿಯಮವೇನೂ ಇರಲಿಲ್ಲ. ಗಂಡ ಸತ್ತ ಮೇಲೆ ಮುದುಕಿಗೆ ಒಂದು ಅನುಮಾನ ಹೊಕ್ಕಿತ್ತು: ಸೊಸೆ ಅಂಬಲಿಗೆ ಏನೋ ಬೆರೆಸುತ್ತಾಳೆ. ಇದನ್ನು ಬೀದಿಯಲ್ಲಿ ನಿಂತು ಸಾರಿದಳು, ಹಾಲಿನ ಡೇರಿಯ ಮುಂದೆ ಸಾರಿದಳು. ಡಾಕ್ಟರು ಅದೇ ಅಗುಳಿ ಹಾಕುವ ಜಾತಿಯ ಔಷಧವನ್ನು ಬೆಳಿಗ್ಗೆ ಐದು ಹನಿ ಎಂದು ಬರೆದುಕೊಟ್ಟರು. ಕೂಗಾಟ ಕಡಿಮೆಯಾಯಿತು, ಅನುಮಾನ ಹೋಗಲಿಲ್ಲ. ಒಂದು ದಿನ ನೆಂಟರೆದುರು ಕವಿತಳನ್ನು ವಿಷ ಇಕ್ಕೋಳು ಅಂದಳು. ಮರುದಿನ ಕವಿತ ಅಂಬಲಿಗೆ ಹದಿನೈದು ಹನಿ ಬಿಟ್ಟಳು. ಆ ಮೇಲೆ ದಿನವೂ ಹದಿನೈದೇ. ಹುಚ್ಚಿಯ ಮಾತನ್ನು ಸೊಸೆಯೇ ನಿಜ ಮಾಡಿಕೊಟ್ಟಳು ನೋಡಿ.

ಮುದುಕಿ ಮೆತ್ತಗಾದಳು. ಅವ್ವ ಹಸು ಥರ ಆಗವ್ಳೆ ಎಂದು ಕವಿತಳ ಗಂಡ ದೇವರಾಜ್ ಊರಿಗೆಲ್ಲ ಹೇಳಿಕೊಂಡು ಬಂದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಭಾನುವಾರ ಸಪ್ಪಲಮ್ಮ ತಂತಿಯ ಮೇಲಿನ ಟವೆಲಿಗೆ ಕೈ ಎತ್ತಿದವಳು ಹಾಗೇ ನಿಂತುಬಿಟ್ಟಳು. ಕವಿತ ಮೊಬೈಲು ತೆಗೆದು ಸಮಯ ನೋಡಿದಳು, ಅಭ್ಯಾಸಬಲ. ಒಂದು ನಿಮಿಷ ಕಳೆಯಿತು. ಆಗ ಅವಳಿಗೆ ಎರಡನೆಯ ಪರೀಕ್ಷೆ ನೆನಪಾಯಿತು. ತವರಿನ ಮಾತೆತ್ತಿದರೆ ಸಪ್ಪಲಮ್ಮ ಕೂತಲ್ಲಿಂದ ಎಗರಿ ಬೀಳುವವಳು.

"ನಿಮ್ಮ ಜಡಿಗೇನಹಳ್ಳಿಯೋರು ನೆಂಟರಿಗೆ ಹಳಸಿದ್ ಮುದ್ದೆ ಇಕ್ತಾರಂತಲ್ಲ ಅತ್ತೆ," ಅಂದಳು.

ಮುದುಕಿಯ ತುಟಿ ಒಂಚೂರು ಅದುರಿತು, ಬಾಯ ಮೂಲೆಯಿಂದ ಜೊಲ್ಲು ಇಳಿಯಿತು. ಕಣ್ಣು ಮಾತ್ರ ಕವಿತಳ ಮೇಲೇ ಇತ್ತು. ಮೂರು ನಿಮಿಷವಾಯಿತು. ಕವಿತಳಿಗೆ ಭಯವಾಯಿತು, ಭಯದ ಹಿಂದೆಯೇ ಹಾಯೆನಿಸಿತು. ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ಒಳಗೆ ಹೋದಳು. ಹಾಲು ಇಳಿಸಿ, ಕಾಫಿ ಕುಡಿದು ಬಂದಾಗಲೂ ಕೈ ಅಲ್ಲೇ ಇತ್ತು.

ಮರುದಿನ ಅತ್ತೆಯನ್ನು ಡಾಕ್ಟರಿಗೆ ತೋರಿಸುವ ದಿನ. ಕವಿತ ಒಂದು ಮಾತು ಹೇಳಿದರೆ ಸಾಕಿತ್ತು, ಹನಿ ಕಡಿಮೆಯಾಗುತ್ತಿತ್ತು, ಮುದುಕಿಗೆ ಕೈಕಾಲು ವಾಪಸು ಬರುತ್ತಿತ್ತು. ನಾಲಿಗೆಯೂ ಬರುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು.

ಡಾಕ್ಟರ ಕೋಣೆಯ ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ನಡಿಗೆ ಯಾಕೆ ಇಷ್ಟು ನಿಧಾನ ಎಂದು ಡಾಕ್ಟರು ಕೇಳಿದರು. ಮಂಡಿನೋವು ಸಾರ್, ವಯಸ್ಸಾಯ್ತಲ್ಲ ಎಂದಳು ಕವಿತ. ಎಷ್ಟು ಹನಿ ಕೊಡುತ್ತಿದ್ದೀರಿ ಎಂಬುದಕ್ಕೆ ಐದು ಎಂದಳು.

ಅಷ್ಟರಲ್ಲಿ ಸಪ್ಪಲಮ್ಮನ ಬಾಯಿ ತೆರೆಯಿತು. ಆ ಒಂದು ಮಾತಿಗಾಗಿ ಅವಳು ಎಷ್ಟು ದಿನದಿಂದ ಒದ್ದಾಡಿದ್ದಳೋ ದೇವರೇ ಬಲ್ಲ.

"ಇವ್ಳು... ಅಂಬ್ಲೀಗೆ... ಜಾಸ್ತಿ ಹಾಕ್ತಾವ್ಳೆ."

ಡಾಕ್ಟರು ಒಳ್ಳೆಯವರು. ಮುದುಕಿಯ ಭುಜ ತಟ್ಟಿ, ಯಾರೂ ಏನೂ ಹಾಕ್ತಿಲ್ಲ ಕಣಮ್ಮ, ನಿನ್ನ ಸೊಸೆ ಚಿನ್ನದಂಥವಳು ಎಂದರು. ಆಮೇಲೆ ಕವಿತಳ ಕಡೆ ತಿರುಗಿದರು.

"ಅನುಮಾನ ಇನ್ನೂ ಹಾಗೇ ಇದೆ. ಐದು ಸಾಲಲ್ಲ, ಎಂಟು ಹನಿ ಕೊಡಿ."

ಕವಿತ ಚೀಟಿಯನ್ನು ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಹದಿನೈದರಲ್ಲಿ ಎಂಟು ಈಗ ಡಾಕ್ಟರ ಕೈಬರಹದಲ್ಲೇ ಇತ್ತು.

ವಾಪಸು ಬರುವಾಗ ಕಂಡಕ್ಟರು ಮುದುಕಿಯನ್ನು ಕೂರಿಸಿ, ಹಿಡ್ಕೊ ಅಜ್ಜಿ ಎಂದು ಅವಳ ಎರಡೂ ಕೈಯೆತ್ತಿ ಮುಂದಿನ ಸೀಟಿನ ಕಂಬಿಯ ಮೇಲಿಟ್ಟ. ಅವು ಅಲ್ಲೇ ಉಳಿದವು. ಊರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಕವಿತ ಕಿಟಕಿಯ ಕಡೆ ತಿರುಗಿ ಕೂತಳು.