ಮೆರೆಂಗೆಗೆ ಮುನಿಯುವ ಬ್ರೇಕರು

ಮದುವೆಯ ಊಟ ಮುಗಿದು, ಜನ ಕುಣಿಯಲೆಂದು ಗಂಡಿನ ಮನೆಯ ಅಂಗಳದಲ್ಲಿ ಕುರ್ಚಿಗಳನ್ನು ಬದಿಗೆ ಸರಿಸಿದ್ದರು. ಅಂಗಡಿಯ ಕೀಕೋ ತನ್ನ ಆಳೆತ್ತರದ ಸ್ಪೀಕರುಗಳಲ್ಲಿ ಮೆರೆಂಗೆ ಕುಣಿತದ ಹಾಡು ಹಾಕಿದ. ಡೋಲು ಗುಡುಗಿತು, ಮದುಮಗಳು ನೆರೆಯ್ದಾ ಗಂಡನ ಕೈ ಹಿಡಿದಳು, ತಟಕ್! ಕರೆಂಟು ಹೋಯಿತು.

ಎಲ್ಲರೂ ಅವಳತ್ತ ತಿರುಗಿದರು. ಹೈನಾ ಪಟ್ಟಣದ ಬ್ರೇಕರ್ ಕಾರ್ಖಾನೆಯಲ್ಲಿ ಅವಳ ಕೆಲಸ. ಎಳೆಯಷ್ಟು ಸಣ್ಣ ತಂತಿಯ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ಎಳೆದು, ಕೊಕ್ಕೆಗೆ ಸಿಕ್ಕಿಸುವುದು. ಕರೆಂಟು ಅಳತೆ ಮೀರಿ ನುಗ್ಗಿದರೆ ಕೊಕ್ಕೆ ಜಾರಬೇಕು, ಸ್ಪ್ರಿಂಗು ಚಿಮ್ಮಿ ಸಂಪರ್ಕ ಬಿಡಿಸಬೇಕು. ಅತ್ತೆಯ ಮನೆಗೆ ಹೊಸ ಬ್ರೇಕರು ಹಾಕಿಸಿದ್ದೂ ಅವಳೇ. "ನಮ್ಮ ಕೈಯಿಂದಾನೇ ಬಂದದ್ದು" ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

"ಏನಮ್ಮಾ ಸೊಸೆ," ಎಂದಳು ಅತ್ತೆ ಎರ್ಸೀಲಿಯಾ, ಬೀಸಣಿಗೆ ಆಡಿಸುತ್ತ. "ನಿನ್ನ ಬ್ರೇಕರಿಗೂ ನಿನ್ನ ಹಾಗೇ ಮೂಗಿನ ತುದೀಲೇ ಕೋಪ."

"ನಿಮ್ಮನೆಗೆ ಬರೋವರೆಗೂ ಅದು ಶಾಂತವಾಗೇ ಇತ್ತು, ಅತ್ತೆ!"

ಅಂಗಳವೆಲ್ಲ ಹೋ ಎಂದಿತು.

ಬ್ರೇಕರನ್ನು ಎತ್ತಿ ಹಾಕಿದರು. ಕೀಕೋ ಈ ಸಲ ಬಚಾತಾ ಎಂಬ ವಿರಹದ ಹಾಡು ಹಾಕಿದ. ಪ್ರಿಯತಮೆ ಬಿಟ್ಟುಹೋದಳೆಂದು ಹಾಡುಗಾರ ಮೆತ್ತಗೆ ಅತ್ತ, ಕರೆಂಟು ಕದಲಲಿಲ್ಲ. ಮೆರೆಂಗೆ ಹಾಕಿದ. ತಟಕ್! ಮತ್ತೆ ಬಚಾತಾ: ಕರೆಂಟಿದೆ. ಮೆರೆಂಗೆ: ತಟಕ್!

"ಮದುವೇಲಿ ಅಳೋ ಹಾಡೇ ಬೇಕಂತೆ ಇದಕ್ಕೆ!" ಎಂದು ಯಾರೋ ಕೂಗಿದರು.

ಗಂಡನ ಸೋದರಮಾವ ಫೆರ್ಮೀನ್ ರಮ್ಮಿನ ಲೋಟ ಕೆಳಗಿಟ್ಟು ಎದ್ದ. "ಬಿಡ್ರೋ, ನಾನು ನೋಡ್ಕೋತೀನಿ." ಬ್ರೇಕರಿನ ಹಿಡಿಯನ್ನು ಎರಡೂ ಹೆಬ್ಬೆರಳಿಂದ ಮೇಲಕ್ಕೊತ್ತಿ, ಮುಷ್ಟಿಯುದ್ಧಕ್ಕೆ ನಿಂತವನಂತೆ ಕಾಲು ಅಗಲಿಸಿದ. "ಹಾಕೋ ಕೀಕೋ! ಈಗ ಹೆಂಗೆ ಬೀಳುತ್ತೆ ನೋಡೋಣ!"

ಮೆರೆಂಗೆ ಶುರುವಾಯಿತು, ನಿಂತಿತು.

"ಹಿಡಿ ಮೇಲೇ ಇದೆ, ಕರೆಂಟಿಲ್ಲ! ಯಾರೋ ಮಾಟ ಮಾಡ್ಸಿದಾರೆ!"

ನೆರೆಯ್ದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾಟ ಅಲ್ಲ ಮಾವ, ಸ್ಪ್ರಿಂಗು! ನೀವು ಹೊರಗೆ ಎಷ್ಟೇ ಒತ್ತಿ ಹಿಡೀರಿ, ಅದು ಒಳಗೆ ಬಿಟ್ಕೊಂಡೇ ಬಿಟ್ಕೊಳ್ಳುತ್ತೆ."

"ಹಂಗಾದ್ರೆ ಅದನ್ನ ಕಿತ್ತು ನೇರ ತಂತಿ ಸುತ್ತೋಣ."

"ಸುತ್ತಿ ನೋಡಿ! ಈಗಲೇ ಅಮ್ಮನ ಮನೆಗೆ ಹೋಗ್ತೀನಿ!"

ತಮಾಷೆಗೆ ಹೇಳಿದಳಾದರೂ ಅವಳಿಗೆ ಒಳಗೊಳಗೇ ದಿಗಿಲಾಗಿತ್ತು. ಸ್ಪ್ರಿಂಗು ಸುಮ್ಮಸುಮ್ಮನೆ ಚಿಮ್ಮುವುದಿಲ್ಲ, ಎಲ್ಲೋ ತಂತಿ ತಾಗುತ್ತಿರಬೇಕು. ಅಥವಾ ತಾನೇ ಸಡಿಲ ಕೂಡಿಸಿದೆನೋ? ಹಾಗಾಗಿದ್ದರೆ ಬಚಾತಾಕ್ಕೂ ಬೀಳಬೇಕಿತ್ತಲ್ಲ. ಮೆರೆಂಗೆಯಲ್ಲಿ ಏನು ಹೆಚ್ಚು? ಡೋಲು. ಡೋಲು ಬಡಿದರೆ ಏನಾಗುತ್ತದೆ? ಅಂಗಳದ ತಗಡಿನ ಚಪ್ಪರ ಗಡಗಡ ನಡುಗುತ್ತದೆ!

ಬಿಳಿ ಲಂಗವನ್ನು ಮಂಡಿಯವರೆಗೆ ಎತ್ತಿಕಟ್ಟಿ ಕುರ್ಚಿ ಹತ್ತಿದಳು. "ಮಾವ, ಬ್ರೇಕರು ಎತ್ತಿ! ಕೀಕೋ, ಜೋರಾಗಿ ಹಾಕು! ಯಾರೂ ತಗಡು ಮುಟ್ಟಬೇಡಿ!"

ಡೋಲು ಬಿದ್ದಿತು, ತಗಡು ನಡುಗಿತು, ಚಪ್ಪರಕ್ಕೆ ಕಟ್ಟಿದ್ದ ಬಣ್ಣದ ದೀಪದ ಸರದ ಒಂದು ಮೊಳೆಯ ಬಳಿ ಚಟ್ಟನೆ ಕಿಡಿ ಹಾರಿತು. ತಟಕ್!

"ಸಿಕ್ತು! ಬ್ರೇಕರು ಕೆಳಗೇ ಇರ್ಲಿ!" ಮೊಳೆಯನ್ನು ಮಡಿಸಿ ಹೊಡೆದ ರಭಸಕ್ಕೆ ತಂತಿಯ ಹೊದಿಕೆ ಹರಿದಿತ್ತು, ತಗಡು ಅಲುಗಿದಾಗಲೆಲ್ಲ ಒಳಗಿನ ಎಳೆಗಳೆರಡೂ ಒಂದಕ್ಕೊಂದು ತಾಗುತ್ತಿದ್ದವು. "ಯಾವ ಕತ್ತೆ ಹೊಡೆದದ್ದು ಈ ಮೊಳೇನ?"

ಮದುಮಗ ವಿಲ್ಫ್ರೀದೋ ಮೆಲ್ಲಗೆ ಕೈ ಎತ್ತಿದ. "ನಿಂಗೆ ಗೊತ್ತಾಗದ ಹಾಗೆ ಕಟ್ಟಿದೆ. ಚೆಂದ ಕಾಣ್ಲಿ ಅಂತ."

"ನನ್ನ ಕತ್ತೇ!" ಎಂದು ನೆರೆಯ್ದಾ ಕುರ್ಚಿಯ ಮೇಲಿಂದಲೇ ಬಗ್ಗಿ ಅವನ ಕೆನ್ನೆಗಳಿಗೆ ಮುತ್ತಿಟ್ಟಳು. ಕುರ್ಚಿ ವಾಲಿತು, ಇಬ್ಬರೂ ಮುಗ್ಗರಿಸಿ ಕೇಕಿನ ಮೇಜಿಗೆ ಒರಗಿದರು. ಕೇಕು ಉಳಿಯಿತು, ಅವನ ತೋಳಿಗೆ ಮಾತ್ರ ಬೆಣ್ಣೆ ಮೆತ್ತಿತು.

ದೀಪದ ಸರವನ್ನು ಕಿತ್ತೆಸೆದರು. ಫೆರ್ಮೀನ್ ಬಲು ಗೌರವದಿಂದ, ಒಂದೇ ಬೆರಳಲ್ಲಿ, ಬ್ರೇಕರನ್ನು ಎತ್ತಿದ. ಮೆರೆಂಗೆ ಭೋರ್ಗರೆಯಿತು. ಬ್ರೇಕರು ಬೀಳಲಿಲ್ಲ.

ಎರ್ಸೀಲಿಯಾ ಬೀಸಣಿಗೆಯನ್ನು ಎಲ್ಲೋ ಎಸೆದು ನುಗ್ಗಿ ಬಂದಳು. "ಸರಿಯೋ ಆಕಡೆ," ಎಂದು ಮಗನನ್ನು ತಳ್ಳಿ, ಸೊಸೆಯ ಸೊಂಟ ಹಿಡಿದು ಎಳೆದೊಯ್ದಳು. ಅತ್ತೆ ಅಷ್ಟು ಚೆನ್ನಾಗಿ ಕುಣಿಯುತ್ತಾಳೆಂದು ನೆರೆಯ್ದಾಗೆ ಯಾರೂ ಹೇಳಿರಲಿಲ್ಲ.