ನಂಗಲಿ ಬೋಂಡಾ ಅಂಗಡಿ ಮುಂದೆ ನಿಂತುಹೋದ ಕಾರು

ನಾನು ಸರಳಾ, ನಂಗಲಿಯವಳು. ಪಕ್ಕದ ಮನೆ ಕೋದಂಡರಾಮಪ್ಪನವರದು ಹೈವೇ ಬದಿಯ ಬೋಂಡಾ ಅಂಗಡಿ. ಅವರ ಹೆಂಡತಿ ಭಾರತಮ್ಮನಿಗೆ ಕಿಡ್ನಿ ತೊಂದರೆ. ವಾರಕ್ಕೆರಡು ಸಲ ಕೋಲಾರದಲ್ಲಿ ಡಯಾಲಿಸಿಸ್. ಹಿಂದಿನ ಸಲ ತಪ್ಪಿಹೋಗಿ ಕಾಲು, ಮುಖ ಎಲ್ಲಾ ಊದಿಕೊಂಡಿತ್ತು. ಬಸ್ಸು ಹತ್ತೋ ಹಂಗಿರಲಿಲ್ಲ. ಅವತ್ತು ಒಂಬತ್ತಕ್ಕೆ ಅಲ್ಲಿರಲೇಬೇಕಿತ್ತು.

ಬೆಳಿಗ್ಗೆ ಏಳೂವರೆ. ಅಂಗಡಿ ಮುಂದೆ ನಿಲ್ಲಿಸಿದ್ದ ಅವರ ಕಾರಿನ ಹಿಂದಿನ ಸೀಟಲ್ಲಿ ಭಾರತಮ್ಮ ಕೂತಾಗಿತ್ತು, ನಾನೂ ಕಳಿಸೋಕೆ ಬಂದಿದ್ದೆ. ಸೊಸೆ ಅನಿತ ಕೀ ತಿರುಗಿಸಿದಳು. ಟಕ್! ಮತ್ತೆ ತಿರುಗಿಸಿದಳು. ಟಕ್! ಕಾರು ಜಪ್ಪಯ್ಯ ಅನ್ನಲಿಲ್ಲ.

"ತಿರುಗಿಸ್ತಾನೇ ಇರಮ್ಮಾ, ಹತ್ಕೊಳ್ಳುತ್ತೆ" ಅಂದ್ರು ಮಾವ ಕೋದಂಡರಾಮಪ್ಪ.

"ಬೇಡ ಮಾವ, ಇರೋ ಚಾರ್ಜೂ ಹೋಗ್ಬಿಡುತ್ತೆ." ಅನಿತ ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿದಳು. "ಸರಳಕ್ಕಾ, ಪಕ್ಕಕ್ಕೆ ನಿಂತು ಲೈಟ್ ನೋಡು, ಒಂದೇ ಸಲ ತಿರುಗಿಸ್ತೀನಿ."

"ಕೀ ತಿರುಗಿಸಿದ ತಕ್ಷಣ ಲೈಟು ಆರೋಯ್ತು ಕಣೇ!" ಅಂದೆ.

"ಹಂಗಾದ್ರೆ ಬ್ಯಾಟರಿ ಹತ್ರಾನೇ ಏನೋ ಆಗಿದೆ." ಡ್ರೈವಿಂಗ್ ಕಲಿಯೋವಾಗಲೇ ಇದನ್ನೂ ಕಲಿತಿದ್ದಳು ಹುಡುಗಿ.

ಅಷ್ಟರಲ್ಲಿ ಮಾವ ರೋಡಿಗೆ ಓಡಿ ಲಾರಿ ನಿಲ್ಲಿಸಿಯೇ ಬಿಟ್ಟಿದ್ದರು. ಅಂಗಡಿಗೆ ದಿನಾ ಬರೋ ಡ್ರೈವರ್ ಕದಿರೇಶನ ಲಾರಿ. "ಲೇ ಕದಿರೇಶಾ, ನಿನ್ ಬ್ಯಾಟರಿಯಿಂದ ವೈರ್ ಕೊಡೋ! ದೊಡ್ ಬ್ಯಾಟರಿ, ಒಂದೇ ಏಟಿಗೆ ಎದ್ದೇಳುತ್ತೆ."

ಅನಿತ ಕಾರಿಗೆ ಅಡ್ಡ ನಿಂತಳು. "ಬಿಲ್‌ಕುಲ್ ಬಿಡಲ್ಲ ಮಾವ. ಕಾರಿಗೆ ಹನ್ನೆರಡು ವೋಲ್ಟು, ಲಾರಿಗೆ ಇಪ್ಪತ್ನಾಲ್ಕು. ಒಳಗಿರೋದೆಲ್ಲಾ ಸುಟ್ಟೋಗುತ್ತೆ."

"ಏಮಮ್ಮಾ, ಮೂವತ್ತು ವರ್ಷದಿಂದ ಲಾರಿಯವರ ಜೊತೇಲೇ ಇದ್ದೀನಿ, ನಂಗೇ ಹೇಳ್ತೀಯಾ? ಅಲ್ಲಿ ಅವಳ ಜೀವ ಹೋಗ್ತೈತೆ!" ಅವರು ಹಿಂದಿನ ಸೀಟಿನ ಕಡೆ ಕೈ ತೋರಿಸಿದ್ರು.

"ಅಮ್ಮಾವ್ರು ಹೇಳೋದು ಸರಿ ಯಜಮಾನ್ರೇ, ನಾನು ವೈರ್ ಕೊಡಲ್ಲ" ಅಂದ ಕದಿರೇಶ.

ಅನಿತ ಬಾನೆಟ್ ಎತ್ತಿದಳು. ಬ್ಯಾಟರಿ ತುದಿಗೆ ಬಿಳೀ ಪುಡಿ ಕಟ್ಟಿತ್ತು, ವೈರು ಹಿಡಿಯೋ ಕ್ಲ್ಯಾಂಪು ಸಡಿಲವಾಗಿ ಅಲ್ಲಾಡ್ತಿತ್ತು.

"ಮಾವ, ನೆನ್ನೆ ಕರೆಂಟ್ ಹೋದಾಗ ಈ ಬ್ಯಾಟರಿಯಿಂದ ಅಂಗಡಿಗೆ ಬಲ್ಬ್ ಹಾಕ್ಕೊಂಡ್ರಾ?"

ಕೋದಂಡರಾಮಪ್ಪ ಮುಖ ಚಿಕ್ಕದು ಮಾಡ್ಕೊಂಡ್ರು. "ಬರೀ ಕಾಲು ಗಂಟೆ... ಆಮೇಲೆ ಬಲ್ಬಿನ ವೈರ್ ಕಿತ್ಕೊಂಡೆ, ಕ್ಲ್ಯಾಂಪು ಬಿಗಿ ಮಾಡೋದು ಮರೆತೆ."

"ಸರಿ, ಬೋಂಡಾಗೆ ಹಾಕೋ ಸೋಡಾ ತನ್ನಿ. ಬಿಸಿನೀರು, ಹಳೇ ಬ್ರಶ್ಶು, ಸ್ಪ್ಯಾನರ್ರೂ ಬೇಕು. ಮೊದ್ಲು ನಿಮ್ ಕೈಲಿರೋ ಬೀಡಿ ದೂರ ಬಿಸಾಕಿ, ಬ್ಯಾಟರಿ ಹತ್ರ ಬೆಂಕಿ ತರಬಾರದು."

ಲೈಟ್ ಆರಿಸಿ, ಕೀ ತೆಗೆದಿಟ್ಟು, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಮೊದಲು ಕಪ್ಪು ವೈರು ಬಿಚ್ಚಿದಳು, ಆಮೇಲೆ ಕೆಂಪು. ಸೋಡಾ ನೀರಲ್ಲಿ ಉಜ್ಜಿ, ಒರೆಸಿ ಒಣಗಿಸಿ, ಮೊದಲು ಕೆಂಪು, ಕೊನೆಗೆ ಕಪ್ಪು ಹಾಕಿ ಬಿಗಿ ಮಾಡಿದಳು. ಕೀ ತಿರುಗಿಸಿದಳು. ಗುರ್ರ್ ಅಂತ ಎದ್ದಿತು ಕಾರು!

ಒಂಬತ್ತಕ್ಕೆ ಐದು ನಿಮಿಷ ಇರೋವಾಗ ಭಾರತಮ್ಮ ಆಸ್ಪತ್ರೆ ಮಂಚದ ಮೇಲಿದ್ದರು. ಈಗ ಡಯಾಲಿಸಿಸ್ ಹಿಂದಿನ ಸಂಜೆ ಮಾವನೇ ಬಾನೆಟ್ ಎತ್ತಿ, "ಅನಿತಾ, ಬಿಗಿಯಾಗೈತೆ ನೋಡಮ್ಮಾ" ಅಂತ ಕರೀತಾರೆ. ಅಂಗಡಿ ಬಲ್ಬಿಗೆ ಬೇರೆ ಬ್ಯಾಟರಿ ತಂದಿದ್ದಾರೆ.

ಅಕ್ಕಂದಿರೇ, ಅಣ್ಣಂದಿರೇ, ಟಕ್ ಅಂದ್ರೆ ಸುಮ್ಮನೆ ಕೀ ತಿರುಗಿಸ್ತಾ ಕೂರಬೇಡಿ, ಕ್ಲ್ಯಾಂಪು ನೋಡಿ. ಲಾರಿ ಬ್ಯಾಟರಿ ಮಾತೇ ಬೇಡ. ಕ್ಲ್ಯಾಂಪು ಬಿಗಿ ಮಾಡಿದ್ರೂ ಎದ್ದೇಳದಿದ್ರೆ ಮೆಕ್ಯಾನಿಕ್ಕನ್ನ ಕರೀರಿ, ಜೀವದ ವಿಷಯವಾದ್ರೆ ತಡಮಾಡದೆ ೧೦೮ಕ್ಕೆ ಫೋನ್ ಮಾಡಿ. ಇವತ್ತು ಸಂಜೆಯೇ ಒಂದ್ಸಲ ಬಾನೆಟ್ ಎತ್ತಿ. ನಾಳೆ ಹಿಂದಿನ ಸೀಟಲ್ಲಿ ಕೂರೋದು ನಿಮ್ಮವರೇ ಆಗಿರಬಹುದು.