ಒಂಟಿ ವೋಟಿಗೆ ಜೊತೆ

ಕಾಶಿಯಿಂದ ಗಂಗೆ ದಾಟಿ ಒಂದಷ್ಟು ದೂರ ಹೋದರೆ ಕಾಶಿಯ ವೀರಶೈವ ಮಠದ ಹೊಲಗಳಿರುವ ಸಣ್ಣ ಹಳ್ಳಿ. ಆ ಹೊಲ ನೋಡಿಕೊಳ್ಳಲೆಂದು ಮಠದವರು ಗಂಡನನ್ನು ಕರೆಸಿಕೊಂಡಾಗ ಬಸವಣ್ಣೆಮ್ಮ ಬಾಗಲಕೋಟೆ ಕಡೆಯಿಂದ ಅವನ ಹಿಂದೆ ಬಂದವಳು. ಅವನು ಲಿಂಗೈಕ್ಯನಾದ ಮೇಲೂ ಅಲ್ಲೇ ಉಳಿದಳು. ಊರವರಿಗೆ ಅವಳು ‘ಮಠವಾಲಿ ಮಾಯಿ’, ಮಠದ ತಾಯಿ.

ಊರಿನಲ್ಲಿ ಮೇಲಿನ ಕೇರಿಯದು ಒಂದು ಪಕ್ಷ, ಕೆಳಗಿನ ಕೇರಿಯದು ಇನ್ನೊಂದು. ಎಣ್ಣೆ ಸೀಗೆಕಾಯಿಯಂತಿದ್ದ ಇವರು ತೊಂಬತ್ಮೂರರ ವಿಧಾನಸಭೆ ಚುನಾವಣೆಗೆ ಮಾತ್ರ ಒಂದಾದರು. ಆ ಮಳೆಗಾಲ ಹಳ್ಳದ ಮರದ ಸೇತುವೆ ಕೊಚ್ಚಿಹೋಗಿ, ಹಾಲು ತರಕಾರಿ ಕಾಶಿಯ ಗೋದೌಲಿಯಾ ಪೇಟೆ ಮುಟ್ಟುವುದೇ ಕಷ್ಟವಾಗಿತ್ತು. ಸೇತುವೆ ಕಟ್ಟುವತನಕ ಯಾರೂ ವೋಟು ಹಾಕಬಾರದೆಂದು ಪಂಚಾಯ್ತಿ ಪ್ರಧಾನ ರಾಮಚಂದ್ರ ಬೇವಿನ ಕಟ್ಟೆಯಲ್ಲಿ ಎಲ್ಲ ಮನೆಗಳ ಗಂಡಸರಿಂದ ಮಾತು ತೆಗೆದುಕೊಂಡ. ಬಸವಣ್ಣೆಮ್ಮನ ಬಾಗಿಲಿಗೂ ಬಂದ.

“ಸೇತುವೆ ನನಗೂ ಬೇಕಪ್ಪ,” ಎಂದಳು ಅವಳು. “ಆದರೆ ವೋಟು ಬಿಡುವುದು ನನ್ನಿಂದಾಗದು. ಈಗಲೇ ಹೇಳಿಬಿಟ್ಟಿದ್ದೇನೆ.”

ರಾಮಚಂದ್ರ ಮುಖ ಗಂಟಿಕ್ಕಿಕೊಂಡು ಹೋದ.

ಸೋಮವಾರ ಬಸವಣ್ಣೆಮ್ಮ ಮಠಕ್ಕೆ ಹೋದಾಗ ಪಾರುಪತ್ಯಗಾರ ಮರುಳಸಿದ್ದಯ್ಯನವರಿಗೂ ಸುದ್ದಿ ಮುಟ್ಟಿತ್ತು. “ಯವ್ವಾ, ಊರಿನ ಸಂಗಡ ಹೊಂದಿಕೊಂಡು ಇರೂದು ಚಲೋ. ಈ ಸಲ ಸುಮ್ಮನಿರ್ರಿ,” ಎಂದರು.

“ಅಯ್ನಾರ, ಅತ್ತಿಮನ್ಯಾಗ ಸೊಸಿ ಅಂದ್ರು, ಇಲ್ಲಿ ಮಾಯಿ ಅಂತಾರ. ನನ್ನ ಹೆಸರು ಹಿಡಿದು ಕರಿಯೋರು ಈಗ ಆ ಬೂತಿನೋರು ಅಷ್ಟ. ಅದನ್ನೂ ಬಿಡ್ಲೇನು?”



ಮತದಾನದ ದಿನ ಅವಳು ತೊಳೆದ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೊರಬಿದ್ದಳು. ಪಕ್ಕದ ಮನೆ ಸೊಸೆ ಭವಾನಿ ಸೆಗಣಿ ತಟ್ಟುತ್ತಿದ್ದವಳು ಎದ್ದು ಬಂದಳು.

“ಮಾಯಿ, ನೀವೊಬ್ಬರೇ ಹಾಕಿದರೆ ಯಾರಿಗೆ ಹಾಕಿದಿರಿ ಅಂತ ಪೆಟ್ಟಿಗೆ ತೆರೆದವರಿಗೆಲ್ಲ ತಿಳಿದುಹೋಗುತ್ತದಲ್ಲ?”

ಬಸವಣ್ಣೆಮ್ಮನಿಗೆ ಇದು ಹೊಳೆದಿರಲಿಲ್ಲ. ನಿಂತಲ್ಲೇ ನಿಂತಳು. ಗಂಡನಿಗೂ ಅವಳು ತನ್ನ ವೋಟು ಯಾರಿಗೆಂದು ಹೇಳಿದವಳಲ್ಲ.

ಭವಾನಿ ಕೈ ತೊಳೆದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, “ನಡೀರಿ, ನಾನೂ ಬರ್ತೀನಿ,” ಎಂದಳು.

ದಾರಿಯಲ್ಲಿ ಪ್ರಧಾನನ ತಾಯಿ ಜಗದಾಂಬ ಎಳೆಬಿಸಿಲಿಗೆ ಮಂಚ ಹಾಕಿಸಿಕೊಂಡು ಕೂತಿದ್ದಳು. ಎಲ್ಲಿಗೆ ಹೊರಟಿರೆಂದು ಕೇಳಿದಳು. ಭವಾನಿ ಹೆದರುತ್ತಲೇ ಇದ್ದದ್ದು ಇದ್ದಂತೆ ಹೇಳಿದಳು.

“ಹುಚ್ಚಿ, ಇಬ್ಬರೂ ಒಬ್ಬನಿಗೇ ಹಾಕಿದರೆ ಆಗಲೂ ತಿಳಿಯುತ್ತದೆ,” ಎಂದಳು ಮುದುಕಿ. “ನಾನು ಮೇಲಿನ ಕೇರಿಯವಳು, ನೀನು ಕೆಳಗಿನವಳು. ನಾವು ಮೂವರಾದರೆ ಕಲಬೆರಕೆಯಾಗಿ, ಯಾವುದು ಯಾರದೆಂದು ತಿಳಿಯುವುದಿಲ್ಲ. ಎಲ್ಲಿ, ಕೈ ಕೊಡು.”

ಶಾಲೆಯ ಬೂತಿನಲ್ಲಿ ನೊಣ ಹೊಡೆಯುತ್ತ ಕೂತಿದ್ದ ಅಧಿಕಾರಿಗಳು ಮೂವರನ್ನು ಕಂಡು ಎದ್ದೇ ನಿಂತರು. ಎದುರಿನ ಮರದಡಿ ಗಂಡಸರ ನಡುವೆ ಕಾವಲು ಕೂತಿದ್ದ ರಾಮಚಂದ್ರ ದಡದಡನೆ ಬಂದ.

“ಅಮ್ಮಾ, ಊರ ಮುಂದೆ ನನ್ನ ಮಾತಿಗೆ ಏನು ಬೆಲೆ ಉಳಿಯಿತು?”

“ಮಾತು ಕೊಟ್ಟವರು ಗಂಡಸರು. ನನ್ನನ್ನು ಯಾರು ಕೇಳಿದರು?” ಎಂದು ಜಗದಾಂಬ ಮೆತ್ತಗೆ ಹೇಳಿ ಮುಂದೆ ಹೆಜ್ಜೆಯಿಟ್ಟಳು. ಅವನು ತಾಯಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಒಳಗೆ ಅಧಿಕಾರಿ, “ಬಸವನ್... ಅಮ್ಮಾ,” ಎಂದು ತಡವರಿಸಿದ.

“ಬಸವಣ್ಣೆಮ್ಮ,” ಎಂದು ಅವಳು ತಿದ್ದಿದಳು. ಅವನು ಇನ್ನೊಮ್ಮೆ ಸರಿಯಾಗಿ ಕೂಗಿದ. ಅವಳು ಬೆರಳಿಗೆ ಶಾಯಿ ಹಾಕಿಸಿಕೊಂಡು ಮರೆಯ ಹಿಂದೆ ಹೋದಳು.

ಸಂಜೆಯವರೆಗೆ ಆ ಬೂತಿಗೆ ಬೇರೆ ಯಾರೂ ಬರಲಿಲ್ಲ. ಅದಾದ ಮೇಲೆ ಕೆಲವು ದಿನ ಊರು ಅವಳೊಂದಿಗೆ ಮಾತು ಕಡಿಮೆ ಮಾಡಿತು. ಭವಾನಿ ಗಂಡನಿಂದ ಬೈಸಿಕೊಂಡಳು. ಬಸವಣ್ಣೆಮ್ಮನಿಗೆ ವೋಟಿನ ಬಗ್ಗೆ ಪಶ್ಚಾತ್ತಾಪವಿರಲಿಲ್ಲ. ಭವಾನಿಯ ಬಗ್ಗೆ ಮಾತ್ರ ಜೀವ ಚುರುಕ್ಕೆನ್ನುತ್ತಿತ್ತು.

ಗೋಧಿ ಮೊಳೆಯುವ ಹೊತ್ತಿಗೆ ರಾಮಚಂದ್ರ ಬಂದು ಜಗಲಿಯ ತುದಿಯಲ್ಲಿ ಕೂತ. ಸೇತುವೆಗಾಗಿ ಊರವರು ಮರುದಿನ ಜಿಲ್ಲಾ ಕಚೇರಿಗೆ ಹೋಗುವವರಿದ್ದರು.

“ಹೆಂಗಸರೂ ಬಂದರೆ ಒಳ್ಳೆಯದಂತೆ. ಅಮ್ಮ ನಿಮ್ಮನ್ನು ಕೇಳು ಅಂದಳು,” ಎಂದ, ನೆಲ ನೋಡುತ್ತ.

“ನೀನು ಕೇಳುತ್ತಿದ್ದೀಯೋ, ಅಮ್ಮನೋ?”

ಅವನು ತಲೆ ಎತ್ತಿ, “ನಾನೇ,” ಎಂದ.

ಬಸವಣ್ಣೆಮ್ಮ ಒಳಗೆ ಹೋಗಿ ಅವನಿಗೆ ಬೆಲ್ಲ ನೀರು ತಂದಿಟ್ಟಳು. ಆಮೇಲೆ ಗೋಡೆಯಾಚೆ ಭವಾನಿಯನ್ನು ಕೂಗಿ, ನಾಳೆ ಬೆಳಿಗ್ಗೆ ಬೇಗ ಅಡಿಗೆ ಮುಗಿಸು ಎಂದಳು.